ಪಾರ್ಕ್‌ಗೆ ಹಾಕಿದರೂ ಕಾರು ಉರುಳುತ್ತಾ?

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಮಗ 2014ರ ಫೋರ್ಡ್ ಎಸ್ಕೇಪ್ ಸೆಕೆಂಡ್‌ ಹ್ಯಾಂಡ್ ಕೊಂಡಿದ್ದಾನೆ. ಗೇರ್ ಕೇಬಲ್‌ಗೆ ರೀಕಾಲ್ ಇದೆಯಂತೆ. ಓಡಿಸಬಹುದಾ? ಖರ್ಚು ಯಾರದು?
– ಒಬ್ಬ ತಾಯಿ, ತುಮಕೂರು

ಉತ್ತರ: ಖರ್ಚು ಕಂಪನಿಯದ್ದೇ ಅಮ್ಮಾ. ಸೆಕೆಂಡ್‌ ಹ್ಯಾಂಡ್ ಕೊಂಡವರಿಗೂ ಈ ರಿಪೇರಿ ಪುಕ್ಕಟೆ.

2022ರ ಜೂನ್‌ನಲ್ಲಿ ಫೋರ್ಡ್ ಅಮೆರಿಕದಲ್ಲಿ ಸುಮಾರು 29 ಲಕ್ಷ ಗಾಡಿಗಳನ್ನು ಇದಕ್ಕಾಗಿ ವಾಪಸ್ ಕರೆಸಿತು. ಗೇರ್ ಕೇಬಲ್ಲನ್ನು ಗೇರ್‌ಬಾಕ್ಸಿಗೆ ಹಿಡಿದಿಡುವ ಪುಟ್ಟ ಬುಶ್ ಬಿಸಿಗೆ, ತೇವಕ್ಕೆ ಹಾಳಾಗಿ ಕಳಚಿಕೊಳ್ಳಬಹುದು. ಆಗ ಲಿವರ್ 'ಪಿ'ಯಲ್ಲೇ ಕಾಣುತ್ತದೆ, ಒಳಗೆ ಗೇರ್ ಬೇರೆಯೇ ಇರುತ್ತದೆ. ಕೀ ತೆಗೆದುಕೊಂಡು ಇಳಿದ ಮೇಲೆ ಕಾರು ಉರುಳಬಹುದು. ಹಿಂದೆ ಮಗು ನಿಂತಿದ್ದರೆ? ನನಗೆ ಭಯ ಅದರದ್ದೇ.

ರಿಪೇರಿ ಅಂದರೆ ಹೊಸ ಬುಶ್, ಅದರ ಮೇಲೊಂದು ರಕ್ಷಣೆಯ ಕ್ಯಾಪ್. ಹಿಂದಿನ ಮಾಲೀಕರು ಮಾಡಿಸಿರಲೂಬಹುದು. ಡ್ರೈವರ್ ಕಡೆ ಮುಂದಿನ ಗಾಜಿನ ಕೆಳಮೂಲೆಯಲ್ಲಿ 17 ಅಕ್ಷರ-ಅಂಕಿಗಳ ವಿಐಎನ್, ಅಂದರೆ ಆ ಕಾರಿನದ್ದೇ ಗುರುತಿನ ನಂಬರ್ ಇರುತ್ತದೆ. ಅದನ್ನು ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ವೆಬ್‌ಸೈಟಿನಲ್ಲಿ ಹಾಕಿದರೆ ಬಾಕಿ ಇದೆಯೋ ಇಲ್ಲವೋ ತಿಳಿಯುತ್ತದೆ. ಬಾಕಿ ಇದ್ದರೆ ಫೋರ್ಡ್ ಡೀಲರ್ ಹತ್ತಿರವೇ ಹೋಗಲಿ, ಹೊರಗಿನ ಗ್ಯಾರೇಜಿಗೆ ಸುಮ್ನೆ ದುಡ್ಡು ಕೊಡುವುದು ಬೇಡ.

ಅಲ್ಲಿಯವರೆಗೆ ಓಡಿಸಲಿ. ಆದರೆ ನಿಲ್ಲಿಸಿದಾಗೆಲ್ಲ, ಸಮತಟ್ಟಾದ ಜಾಗದಲ್ಲೂ, ಹ್ಯಾಂಡ್‌ಬ್ರೇಕ್ ಹಾಕಲೇಬೇಕು. ಇವತ್ತೇ ಫೋನ್ ಮಾಡಿ ಹೇಳಿ.