ಓದುಗರ ಪ್ರಶ್ನೆ: ನರ್ಸ್‌ಗಳ ರಜೆ, ರೋಸ್ಟರ್ ಮತ್ತು ಉಳಿದ ದಿನಗಳ ದುಡ್ಡು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಸ್ಟಾಫ್ ನರ್ಸ್‌ಗಳದ್ದು. ಬರೆದವರ ಹೆಸರು, ಆಸ್ಪತ್ರೆಯ ಹೆಸರು ಎರಡನ್ನೂ ಬಿಟ್ಟಿದ್ದೇವೆ. ಸರ್ಕಾರಿ ಆಸ್ಪತ್ರೆಯ ಕಾಯಂ ನೌಕರರಿಗೆ ಬೇರೆ ಸೇವಾ ನಿಯಮಗಳಿವೆ, ಈ ಉತ್ತರಗಳು ಅವರಿಗೆ ಅನ್ವಯಿಸುವುದಿಲ್ಲ.

ನನ್ನ ನೇಮಕಾತಿ ಪತ್ರದಲ್ಲಿ ‘ಆಸ್ಪತ್ರೆಯ ನಿಯಮದಂತೆ ರಜೆ’ ಎಂದಷ್ಟೇ ಇದೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ತಂಗಿಗೆ ಅಂಗಡಿ ಕಾಯಿದೆ ಪ್ರಕಾರ ರಜೆ ಸಿಗುತ್ತದೆ. ನನಗೂ ಅದೇ ಕಾಯಿದೆಯೇ? — ಸ್ಟಾಫ್ ನರ್ಸ್, ಜಯನಗರ

ಅಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961ರ 3ನೇ ಕಲಂ ರೋಗಿಗಳ ಚಿಕಿತ್ಸೆ ಮತ್ತು ಆರೈಕೆಯ ಸಂಸ್ಥೆಗಳನ್ನು ಹೊರಗಿಟ್ಟಿದೆ. ಆ ಕಾಯಿದೆಯ ರಜೆ ಕಲಮನ್ನು ಹಿಡಿದು ಎಚ್‌ಆರ್ ಮುಂದೆ ವಾದಿಸಿದರೆ ಮೊದಲ ಮಾತಿಗೇ ಸೋಲುತ್ತೀರಿ.

ನೀವು ಹಿಡಿಯಬೇಕಾದದ್ದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020. ಇದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. 32ನೇ ಕಲಂ ಪ್ರಕಾರ ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಸಂಬಳಸಹಿತ ವಾರ್ಷಿಕ ರಜೆ, ಆಸ್ಪತ್ರೆಗಳು ಇಎಲ್ ಎನ್ನುವುದು ಇದನ್ನೇ. 280 ದಿನ ಡ್ಯೂಟಿ ಮಾಡಿದ್ದರೆ 14 ದಿನ. ವರ್ಷದ ನಡುವೆ ಸೇರಿದವರು ಆ ವರ್ಷ ಉಳಿದ ದಿನಗಳ ಕಾಲು ಭಾಗ ಕೆಲಸ ಮಾಡಿದ್ದರೆ ಸಾಕು. ಜುಲೈ 1ಕ್ಕೆ ಸೇರಿದರೆ ಉಳಿಯುವುದು 184 ದಿನ, ಅದರ ಕಾಲು ಭಾಗ 46. ಆದ್ದರಿಂದ ‘ಪ್ರೊಬೇಷನ್ ಮುಗಿಯುವವರೆಗೆ ರಜೆಯೇ ಹುಟ್ಟುವುದಿಲ್ಲ’ ಎಂಬ ಮಾತು ಸರಿಯಲ್ಲ.

ಎರಡು ಕಡೆ ಎಚ್ಚರ ಬೇಕು. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಸಂಹಿತೆಯ ಪ್ರಕಾರ ‘ಕೆಲಸಗಾರ’ರಲ್ಲ. ಸ್ಟಾಫ್ ನರ್ಸ್‌ಗೆ ಇದರಿಂದ ತೊಂದರೆಯಿಲ್ಲ, ಆದರೆ ನರ್ಸಿಂಗ್ ಸೂಪರ್‌ವೈಸರ್ ಆಗಿ ಬಡ್ತಿ ಪಡೆದವರ ರಜೆ ಒಪ್ಪಂದದ ಮೇಲೆಯೇ ನಿಂತಿರುತ್ತದೆ. ಬಡ್ತಿ ಪತ್ರಕ್ಕೆ ಸಹಿ ಹಾಕುವ ಮೊದಲು ರಜೆಯ ಸಂಖ್ಯೆಯನ್ನು ಅದರಲ್ಲೇ ಬರೆಸಿಕೊಳ್ಳಿ. ಎರಡನೆಯದು, ಸಂಪೂರ್ಣ ಧರ್ಮಾರ್ಥ ಸೇವೆಯ ಸಂಸ್ಥೆಗಳು ತಾವು ‘ಉದ್ಯಮ’ ಅಲ್ಲ, ಸಂಹಿತೆ ತಮಗೆ ಅನ್ವಯಿಸದು ಎಂದು ವಾದಿಸಲು ಅವಕಾಶವಿದೆ. ಟ್ರಸ್ಟ್ ಆಸ್ಪತ್ರೆಯಲ್ಲಿರುವವರು ಇದನ್ನು ತಿಳಿದಿರಲಿ.

ಸಿಎಲ್ (ಸಾಂದರ್ಭಿಕ ರಜೆ) ಮತ್ತು ಎಸ್‌ಎಲ್ (ಕಾಯಿಲೆ ರಜೆ) ಈ 32ನೇ ಕಲಮಿನಲ್ಲಿ ಇಲ್ಲ, ಅವು ಆಸ್ಪತ್ರೆಯ ಪಾಲಿಸಿಯಿಂದ ಬರುವಂಥವು. ಹಾಗಾಗಿ ‘ಆಸ್ಪತ್ರೆಯ ನಿಯಮದಂತೆ’ ಎಂಬ ಸಾಲಿಗೆ ತೃಪ್ತಿಪಡಬೇಡಿ. ಆ ನಿಯಮದ ಪ್ರತಿಯನ್ನು ಇಮೇಲ್‌ನಲ್ಲಿ ಕೇಳಿ ಪಡೆಯಿರಿ.

ಒಂದು ಮಾತು ಸೇರಿಸಬೇಕು. ಸುಪ್ರೀಂ ಕೋರ್ಟ್‌ನ 2016ರ ನಿರ್ದೇಶನದ ಮೇಲೆ ಕೇಂದ್ರ ರಚಿಸಿದ ಸಮಿತಿಯು ಖಾಸಗಿ ನರ್ಸ್‌ಗಳಿಗೆ ರಜೆ ಮತ್ತು ಕೆಲಸದ ವೇಳೆ ಸರ್ಕಾರಿ ನರ್ಸ್‌ಗಳಷ್ಟೇ ಇರಬೇಕೆಂದು ಶಿಫಾರಸು ಮಾಡಿತ್ತು. ಅದು ಶಿಫಾರಸು ಮಾತ್ರ, ನಿಮ್ಮ ಆಸ್ಪತ್ರೆಯನ್ನು ಕಟ್ಟಿಹಾಕುವುದಿಲ್ಲ. ರಾತ್ರಿಯಿಡೀ ಐಸಿಯು ನೋಡಿಕೊಳ್ಳುವವರಿಗೆ ಇಷ್ಟಾದರೂ ಕಾನೂನಾಗಿ ಸಿಗಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ರಜೆ ಕೇಳಿದಾಗಲೆಲ್ಲ ಇನ್‌ಚಾರ್ಜ್ ಸಿಸ್ಟರ್ ‘ಸ್ಟಾಫ್ ಇಲ್ಲಮ್ಮ, ಮುಂದಿನ ತಿಂಗಳು ನೋಡೋಣ’ ಅನ್ನುತ್ತಾರೆ. ಡಿಸೆಂಬರ್ ಮುಗಿದ ಮೇಲೆ ಎಚ್‌ಆರ್‌ನವರು ‘ಲ್ಯಾಪ್ಸ್ ಆಯಿತು’ ಎಂದರು. ಹೋದ ರಜೆ ಹೋದಂತೆಯೇ? — ವಾರ್ಡ್ ನರ್ಸ್, ಯಶವಂತಪುರ

ಇಲ್ಲ, 30 ದಿನದವರೆಗಿನದು ಹೇಗೂ ಉಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಬಾಯಲ್ಲಿ ಕೇಳಿದ್ದರೆ ಸಾಬೀತು ಮಾಡುವುದು ಕಷ್ಟ. ಬರೆದು ಕೇಳಿದ್ದರೆ ಹೋಗುವುದಿಲ್ಲ.

ತೆಗೆದುಕೊಳ್ಳದೆ ಉಳಿದ ರಜೆಯಲ್ಲಿ 30 ದಿನದವರೆಗೆ ಮುಂದಿನ ವರ್ಷಕ್ಕೆ ಸಾಗುತ್ತದೆ. ಆದರೆ ಅರ್ಜಿ ಹಾಕಿಯೂ ಆಸ್ಪತ್ರೆ ಕೊಡದೆ ಇದ್ದ ರಜೆಗೆ ಈ 30ರ ಮಿತಿ ಇಲ್ಲ, ಎಷ್ಟಿದ್ದರೂ ಮುಂದಕ್ಕೆ ಹೋಗುತ್ತದೆ. 32ನೇ ಕಲಮಿನಲ್ಲಿ ನರ್ಸ್‌ಗಳಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇದೇ. ಜತೆಗೆ, ವರ್ಷದ ಕೊನೆಯಲ್ಲಿ ಬೇಕೆಂದು ಕೇಳಿದರೆ ಉಳಿದ ರಜೆಯನ್ನು ನಗದು ಮಾಡಿಸಿಕೊಳ್ಳಬಹುದು. 30 ದಿನ ದಾಟಿದ ಭಾಗಕ್ಕೂ ಹಣ ಕೇಳುವ ಹಕ್ಕಿದೆ.

ಮಿತಿಯಿಲ್ಲದೆ ಮುಂದಕ್ಕೆ ಹೋಗುವ ಈ ಹಕ್ಕು ನಿಂತಿರುವುದು ‘ಕೇಳಿದ್ದೆ, ಕೊಡಲಿಲ್ಲ’ ಎಂಬುದಕ್ಕೆ ದಾಖಲೆ ಇದೆಯೇ ಎಂಬುದರ ಮೇಲೆ. ತಪ್ಪುವುದು ಸಾಮಾನ್ಯವಾಗಿ ಮೂರು ಜಾಗದಲ್ಲಿ. ವಾರ್ಡ್‌ನ ರಿಕ್ವೆಸ್ಟ್ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದು ರೋಸ್ಟರ್ (ಡ್ಯೂಟಿ ಪಟ್ಟಿ) ಹಾಕುವಾಗ ಅಳಿಸಿಹೋಗುತ್ತದೆ. ವಾರ್ಡ್‌ನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಎಚ್‌ಆರ್‌ನವರು ಅರ್ಜಿಯೆಂದು ಒಪ್ಪುವುದಿಲ್ಲ. ಮೂರನೆಯದು ಹೆಚ್ಚು ನಷ್ಟ ಮಾಡುವಂಥದ್ದು: ಆ್ಯಪ್‌ನಲ್ಲಿ ಅರ್ಜಿ ಹಾಕಿರುತ್ತೀರಿ, ಮೇಲಿನವರು ತಿರಸ್ಕರಿಸುವ ಬದಲು ‘ನೀನೇ ವಾಪಸ್ ತಗೋ, ಆಮೇಲೆ ಹಾಕು’ ಅನ್ನುತ್ತಾರೆ. ನೀವು ವಿತ್‌ಡ್ರಾ ಒತ್ತಿದ ಕ್ಷಣ ದಾಖಲೆಯಲ್ಲಿ ಆಸ್ಪತ್ರೆ ನಿರಾಕರಿಸಿದ್ದು ಇರುವುದಿಲ್ಲ, ನೀವೇ ಬೇಡವೆಂದದ್ದು ಉಳಿಯುತ್ತದೆ. ಒತ್ತಬೇಡಿ. ‘ನೀವೇ ರಿಜೆಕ್ಟ್ ಮಾಡಿ ಸಿಸ್ಟರ್, ಪರವಾಗಿಲ್ಲ’ ಎಂದು ಮರ್ಯಾದೆಯಿಂದಲೇ ಹೇಳಿ, ಬಂದ ಸಂದೇಶದ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಆಸ್ಪತ್ರೆಯ ಇಮೇಲ್ ಕೆಲಸ ಬಿಟ್ಟ ದಿನವೇ ಮುಚ್ಚಿಹೋಗಬಹುದು.

ಮುಂದಿನ ರೋಸ್ಟರ್ ಯಾವ ತಾರೀಖಿಗೆ ಅಂತಿಮವಾಗುತ್ತದೆ ಎಂದು ಮೊದಲು ವಿಚಾರಿಸಿ, ಅದಕ್ಕೆ ಮುಂಚೆಯೇ ಅರ್ಜಿ ಹಾಕಿ. ಆ್ಯಪ್ ಇಲ್ಲದ ಕಡೆ ಇಷ್ಟು ಬರೆದರೆ ಸಾಕು:

‘ದಿನಾಂಕ … ರಿಂದ … ರವರೆಗೆ, ಒಟ್ಟು 6 ದಿನಗಳ ಸಂಬಳಸಹಿತ ವಾರ್ಷಿಕ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ಇಂದಿಗೆ ನನ್ನ ಖಾತೆಯಲ್ಲಿ … ದಿನ ಬಾಕಿ ಇದೆ. ಮಂಜೂರು ಮಾಡಲಾಗದಿದ್ದರೆ ಕಾರಣವನ್ನೂ ಪರ್ಯಾಯ ದಿನಾಂಕವನ್ನೂ ಬರವಣಿಗೆಯಲ್ಲಿ ತಿಳಿಸಬೇಕಾಗಿ ವಿನಂತಿ.’

ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಮತ್ತು ಎಚ್‌ಆರ್‌ಗೆ ಒಂದೇ ಇಮೇಲ್‌ನಲ್ಲಿ ಕಳಿಸಿ. ಕಾಗದದಲ್ಲಿ ಕೊಡುವುದಾದರೆ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಇನ್‌ಚಾರ್ಜ್ ಸಿಸ್ಟರ್ ಮೇಲೆ ಸಿಟ್ಟಾಗಬೇಡಿ. ಜನ ಕಡಿಮೆ ಇರುವ ವಾರ್ಡನ್ನು ತೂಗಿಸುವವರು ಅವರೇ. ಜನ ನೇಮಿಸಿಕೊಳ್ಳಬೇಕಾದವರು ಆಡಳಿತ ಮಂಡಳಿಯವರು, ಉತ್ತರ ಅಲ್ಲಿಂದ ಬರಬೇಕು.

ನಿಮ್ಮ ಪತ್ರದ ಕೊನೆಯಲ್ಲಿ, ಶನಿವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಹಬ್ಬದ ದಿನವನ್ನೂ ಸೇರಿಸಿ ಮೂರು ದಿನ ಕಡಿಯುತ್ತಾರೆ ಎಂದಿದ್ದೀರಿ. ವಾರ್ಷಿಕ ರಜೆಯ ನಡುವೆ ಬರುವ ರಜಾದಿನವನ್ನು ಲೆಕ್ಕದಿಂದ ಹೊರಗಿಡಬೇಕು ಎಂದು ಸಂಹಿತೆ ಹೇಳುತ್ತದೆ. ಪೇ ಸ್ಲಿಪ್ ಜತೆ ಆ ತಿಂಗಳ ರೋಸ್ಟರ್‌ನ ಫೋಟೊ ಇಟ್ಟುಕೊಂಡು ಕೇಳಿ.

ವೀಕ್ಲಿ ಆಫ್ ದಿನ ಕರೆಸಿ ಡ್ಯೂಟಿ ಮಾಡಿಸಿದರು. ಕಾಂಪ್ ಆಫ್ ಒಂದೇ ವಾರದಲ್ಲಿ ತೆಗೆದುಕೊಳ್ಳದಿದ್ದರೆ ರದ್ದು ಎನ್ನುತ್ತಾರೆ. — ಒಟಿ (ಆಪರೇಷನ್ ಥಿಯೇಟರ್) ನರ್ಸ್, ಹೆಬ್ಬಾಳ

ರದ್ದಾಗುವುದಿಲ್ಲ. ತಪ್ಪಿದ ವಾರದ ರಜೆಗೆ ಬದಲಿ ರಜೆಯನ್ನು ಅದೇ ತಿಂಗಳಲ್ಲಿ ಅಥವಾ ನಂತರದ ಎರಡು ತಿಂಗಳೊಳಗೆ ಕೊಡಬೇಕಾದ ಹೊಣೆ ಆಸ್ಪತ್ರೆಯದು. ಕರೆಸಿದ ದಿನದ ಪಂಚಿಂಗ್ ದಾಖಲೆ ಇಟ್ಟುಕೊಳ್ಳಿ.

ಹೆರಿಗೆ ರಜೆ ಮುಗಿಸಿ ಬಂದೆ. ಈ ವರ್ಷ ಇಎಲ್ ಇಲ್ಲವೇ ಇಲ್ಲ ಎಂದರು. — ಸ್ಟಾಫ್ ನರ್ಸ್, ರಾಜಾಜಿನಗರ

ಅರ್ಧ ಸರಿ, ಅರ್ಧ ತಪ್ಪು. ಹೆರಿಗೆ ರಜೆಯ ದಿನಗಳನ್ನು 180 ದಿನದ ಅರ್ಹತೆಗೆ ಸೇರಿಸಲೇಬೇಕು. ಆದರೆ ಆ ದಿನಗಳಿಗೆ ಹೊಸ ರಜೆ ಹುಟ್ಟುವುದಿಲ್ಲ. 26 ವಾರವೆಂದರೆ 182 ದಿನ. ಅಷ್ಟೂ ಈ ವರ್ಷದಲ್ಲೇ ಬಿದ್ದಿದ್ದರೆ ಅರ್ಹತೆ ಅಲ್ಲಿಗೇ ಮುಗಿಯಿತು. ಉಳಿದ ತಿಂಗಳುಗಳಲ್ಲಿ 100 ದಿನ ಕೆಲಸ ಮಾಡಿದ್ದರೆ 5 ದಿನ ರಜೆ ನಿಮ್ಮದು.

ಡೆಂಗಿ ಬಂದು ಹತ್ತು ದಿನ ಮಲಗಿದ್ದೆ. ಎಸ್‌ಎಲ್ ಮುಗಿದಿದ್ದರಿಂದ ಲಾಸ್ ಆಫ್ ಪೇ (ಸಂಬಳ ಕಡಿತ) ಹಾಕಿದರು. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿಯುತ್ತಾರೆ, ಅದರಿಂದ ಏನಾದರೂ ಸಿಗುತ್ತದೆಯೇ? — ನರ್ಸ್, ಪೀಣ್ಯ

ಸಿಗುತ್ತದೆ, ಮತ್ತು ಕಾಯಿಲೆ ಬಿದ್ದ ಬಹಳ ನರ್ಸ್‌ಗಳು ಇದನ್ನು ಕೇಳದೆಯೇ ಬಿಡುತ್ತಾರೆ. ತಿಂಗಳ ವೇತನ 21,000 ರೂಪಾಯಿವರೆಗೆ ಇದ್ದವರು ಇಎಸ್‌ಐ ವ್ಯಾಪ್ತಿಯಲ್ಲಿರುತ್ತಾರೆ. ನಡುವೆ ಸಂಬಳ ಏರಿ ಮಿತಿ ದಾಟಿದರೂ ಆ ಆರು ತಿಂಗಳ ವಂತಿಗೆ ಅವಧಿ ಮುಗಿಯುವವರೆಗೆ ವ್ಯಾಪ್ತಿ ಮುಂದುವರಿಯುತ್ತದೆ. ಕಾಯಿಲೆ ರಜೆಗೆ ದಿನದ ಸರಾಸರಿ ವೇತನದ ಶೇ 70ರಷ್ಟು ನಗದು ಸಿಗುತ್ತದೆ, ವರ್ಷಕ್ಕೆ ಗರಿಷ್ಠ 91 ದಿನ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಸರಾಸರಿ ದಿನಕ್ಕೆ 700 ರೂಪಾಯಿ ಇದ್ದರೆ ಶೇ 70 ಎಂದರೆ 490. ಹತ್ತು ದಿನದಲ್ಲಿ ಎರಡು ಬಿಟ್ಟು ಎಂಟು ದಿನಕ್ಕೆ 3,920 ರೂಪಾಯಿ. ಒಂದೇ ದಿನಕ್ಕೆ ಸಂಬಳವನ್ನೂ ಇಎಸ್‌ಐ ಹಣವನ್ನೂ ಪಡೆಯುವಂತಿಲ್ಲ. ಆದ್ದರಿಂದ ಎಸ್‌ಎಲ್ ಉಳಿದಿರುವವರು ಆ ಮೊದಲ ಎರಡು ದಿನಕ್ಕೆ ಅದನ್ನು ಬಳಸುವುದು ಜಾಣತನ.

ಕೈತಪ್ಪುವುದು ಸರ್ಟಿಫಿಕೇಟ್‌ನಲ್ಲಿ. ನೀವು ಕೆಲಸ ಮಾಡುವ ಆಸ್ಪತ್ರೆಯ ಡಾಕ್ಟರ್ ಬರೆದ ಚೀಟಿ ಎಚ್‌ಆರ್‌ಗೆ ಸಾಕಾಗಬಹುದು, ಇಎಸ್‌ಐಗೆ ಸಾಲದು. ನಿಮ್ಮ ಹೆಸರಿರುವ ಇಎಸ್‌ಐ ಚಿಕಿತ್ಸಾಲಯದಿಂದ ಪ್ರಮಾಣಪತ್ರ ಬೇಕು, ಹುಷಾರಾದ ಮೇಲೆ ಫಿಟ್‌ನೆಸ್ ಪ್ರಮಾಣಪತ್ರವೂ ಅಲ್ಲಿಯದೇ ಬೇಕು. ಹೊಸದಾಗಿ ಸೇರಿದವರು ಇನ್ನೊಂದು ತಿಳಿದಿರಬೇಕು: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಸೇರಿದ ಎರಡನೇ ತಿಂಗಳಲ್ಲೇ ಕಾಯಿಲೆ ಬಿದ್ದರೆ ಚಿಕಿತ್ಸೆ ಸಿಗುತ್ತದೆ, ನಗದು ಸಿಗುವುದಿಲ್ಲ.

ಮುಟ್ಟಿನ ರಜೆ ತಿಂಗಳಿಗೊಂದು ಎಂದು ಸರ್ಕಾರ ಹೇಳಿತ್ತಲ್ಲ, ನಮಗೂ ಇದೆಯೇ? — ವಿದ್ಯಾರ್ಥಿನಿ, ಬಿಎಸ್ಸಿ ನರ್ಸಿಂಗ್

2025ರ ನವೆಂಬರ್‌ನ ಆದೇಶ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ಸಂಬಳಸಹಿತ ರಜೆ ಎನ್ನುತ್ತದೆ. ಆಯಾ ತಿಂಗಳಲ್ಲೇ ಬಳಸಬೇಕು, ವೈದ್ಯಕೀಯ ಪ್ರಮಾಣಪತ್ರ ಬೇಕಿಲ್ಲ. ಆದರೆ ಆದೇಶ ಹೆಸರಿಸುವುದು ಕಾರ್ಖಾನೆ ಕಾಯಿದೆ, ಅಂಗಡಿ ಕಾಯಿದೆ ಮೊದಲಾದವುಗಳ ಅಡಿ ಬರುವ ಸಂಸ್ಥೆಗಳನ್ನು. ಅಂಗಡಿ ಕಾಯಿದೆಯ ಹೊರಗಿರುವ ಆಸ್ಪತ್ರೆಗಳು ಇದನ್ನೇ ನೆಪ ಮಾಡಬಹುದು. ಆದೇಶವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ ಕೂಡ. ಕೆಲಸಕ್ಕೆ ಸೇರುವಾಗ ಪಾಲಿಸಿಯಲ್ಲಿ ಈ ರಜೆ ಸೇರಿದೆಯೇ ಎಂದು ನೇರವಾಗಿ ಕೇಳಿ.

ರಾಜೀನಾಮೆ ಕೊಟ್ಟಿದ್ದೇನೆ, ಎರಡು ತಿಂಗಳ ನೋಟಿಸ್ ಇದೆ. ಈ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ನೋಟಿಸ್ ಬೆಳೆಯುತ್ತದಂತೆ. 12 ದಿನ ಇಎಲ್ ಬಾಕಿ ಇದೆ. — ಡಯಾಲಿಸಿಸ್ ನರ್ಸ್, ವಿಜಯನಗರ

ನೋಟಿಸ್ ಬೆಳೆಯುವ ಷರತ್ತು ನೇಮಕಾತಿ ಪತ್ರದಲ್ಲಿ ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಮೊದಲು ಅದನ್ನು ತೆಗೆದು ಓದಿ. ಷರತ್ತಿದ್ದರೆ ರಜೆಗಾಗಿ ಜಗಳ ಬೇಡ, ಹಣಕ್ಕೆ ಕೇಳಿ. ಕೆಲಸ ಬಿಟ್ಟವರ ಬಾಕಿ ರಜೆಗೆ ವೇತನ ಕೊಡಲೇಬೇಕು, ಆ ವರ್ಷ 180 ದಿನ ತುಂಬದಿದ್ದರೂ ಕೊಡಬೇಕು. ಗಡುವು ಕೆಲಸ ಬಿಟ್ಟ ದಿನದಿಂದ ಎರಡನೇ ಕೆಲಸದ ದಿನ. ‘ಫುಲ್ ಆ್ಯಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) 45 ದಿನದ ಮೇಲೆ’ ಎಂಬ ಹಳೆಯ ರೂಢಿಗೆ ಈಗ ಕಾನೂನಿನ ಆಸರೆಯಿಲ್ಲ.

ಲೆಕ್ಕ ನೋಡುವಾಗ ಭಾಜಕ ಗಮನಿಸಿ. ತಿಂಗಳ ವೇತನ 26,000 ಇದ್ದು 26ರಿಂದ ಭಾಗಿಸಿದರೆ ದಿನಕ್ಕೆ 1,000, ಹನ್ನೆರಡು ದಿನಕ್ಕೆ 12,000. 30ರಿಂದ ಭಾಗಿಸಿದರೆ ಅದೇ ಹನ್ನೆರಡು ದಿನಕ್ಕೆ 10,400. ಲಾಸ್ ಆಫ್ ಪೇ ಕಡಿಯುವಾಗ 26, ರಜೆಗೆ ಹಣ ಕೊಡುವಾಗ 30 ಎಂದು ಎರಡು ಅಳತೆ ಹಿಡಿದಿದ್ದರೆ ಹಳೆಯ ಪೇ ಸ್ಲಿಪ್ ತೋರಿಸಿ ಪ್ರಶ್ನಿಸಿ. ಕೊನೆಯ ದಿನಕ್ಕೆ ಮೊದಲೇ ರಜೆ ಬಾಕಿಯ ಪುಟದ ಸ್ಕ್ರೀನ್‌ಶಾಟ್ ಇರಲಿ. ‘ಎಲ್ಲ ಬಾಕಿ ಸಂದಿದೆ’ ಎಂಬ ಕಾಗದಕ್ಕೆ ಹಣ ಖಾತೆಗೆ ಬರುವ ಮೊದಲು ಸಹಿ ಹಾಕಬೇಡಿ. ಕೊಡದಿದ್ದರೆ ಇಮೇಲ್‌ನಲ್ಲಿ ಒಮ್ಮೆ ಕೇಳಿ, ಆಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಿಮ್ಮ ಆಸ್ಪತ್ರೆ ಇರುವ ಪ್ರದೇಶದ ಕಾರ್ಮಿಕ ಅಧಿಕಾರಿ ಯಾರೆಂದು ವಿಚಾರಿಸಿ ಲಿಖಿತ ದೂರು ಕೊಡಿ.

ಅಮೆರಿಕದ ಆಸ್ಪತ್ರೆಯಿಂದ ಆಫರ್ ಬಂದಿದೆ. ರಜೆಯ ಜಾಗದಲ್ಲಿ ‘ಪಿಟಿಒ, ಗಂಟೆಗೆ 0.0769’ ಎಂದಿದೆ. ಹೀಗೆಂದರೇನು? — ಐಸಿಯು ನರ್ಸ್, ಮಾರತ್ತಹಳ್ಳಿ

ಪಿಟಿಒ ಎಂದರೆ ಸಂಬಳಸಹಿತ ಬಿಡುವು. ಸಿಎಲ್, ಎಸ್‌ಎಲ್, ಇಎಲ್ ಎಂದು ಬೇರೆ ಬೇರೆ ಖಾತೆಗಳ ಬದಲು ಸಾಮಾನ್ಯವಾಗಿ ಎಲ್ಲವೂ ಒಂದೇ ಖಾತೆ, ಅದೂ ಗಂಟೆಗಳಲ್ಲಿ. ಜ್ವರ ಬಂದರೂ ಅದರಿಂದಲೇ, ಊರಿಗೆ ಬಂದರೂ ಅದರಿಂದಲೇ. ನಿಮ್ಮ ಆಫರ್‌ನ ದರ ವಾರಕ್ಕೆ 40 ಗಂಟೆಯವರಿಗೆ, ಅಂದರೆ ವರ್ಷಕ್ಕೆ 2,080 ಗಂಟೆಗೆ, 160 ಗಂಟೆ ಕೊಡುತ್ತದೆ. ಆದರೆ 12 ಗಂಟೆಯ ಮೂರು ಶಿಫ್ಟ್‌ನ ನರ್ಸ್ ವಾರಕ್ಕೆ 36 ಗಂಟೆ, ವರ್ಷಕ್ಕೆ 1,872. ಆಗ ಸಿಗುವುದು ಸುಮಾರು 144 ಗಂಟೆ. ಒಂದು ಶಿಫ್ಟ್ ಬಿಟ್ಟರೆ 12 ಗಂಟೆ ಕಡಿತ, ಹಾಗಾಗಿ 12 ಶಿಫ್ಟ್, ನಾಲ್ಕು ವಾರ.

ಅಲ್ಲಿ ಖಾಸಗಿ ಉದ್ಯೋಗಿಗಳಿಗೆ ಸಂಬಳಸಹಿತ ವಾರ್ಷಿಕ ರಜೆ ಕೊಡಲೇಬೇಕೆಂಬ ಫೆಡರಲ್ ಕಾನೂನಿಲ್ಲ, ಒಪ್ಪಂದವೇ ಎಲ್ಲ. ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆ ಕೊಡುವ 12 ವಾರ ಸಂಬಳರಹಿತ, ಅದಕ್ಕೂ 12 ತಿಂಗಳ ಸೇವೆ ಮತ್ತು 1,250 ಗಂಟೆಯ ಕೆಲಸ ಆಗಿರಬೇಕು. ಆ ರಜೆಯಲ್ಲಿ ನಿಮ್ಮ ಪಿಟಿಒವನ್ನು ಮೊದಲು ಖರ್ಚು ಮಾಡಿ ಎಂದು ಆಸ್ಪತ್ರೆ ಹೇಳಬಹುದು.

ಸಹಿ ಹಾಕುವ ಮೊದಲು ಈ ಪ್ರಶ್ನೆಗಳಿಗೆ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ರೋಗಿಗಳು ಕಡಿಮೆಯಾಗಿ ನಿಮ್ಮನ್ನು ಮನೆಗೆ ಕಳಿಸಿದ ದಿನ ಪಿಟಿಒದಿಂದ ಗಂಟೆ ಕಡಿಯುತ್ತಾರೆಯೇ, ಅಥವಾ ಸಂಬಳವಿಲ್ಲದೆ ಇರುವ ಆಯ್ಕೆ ನಿಮ್ಮದೇ? ಇಲ್ಲಿಯೇ ಬಹಳ ಜನರ ಊರಿಗೆ ಬರುವ ರಜೆ ಕರಗುವುದು. ಖಾತೆಗೆ ಗರಿಷ್ಠ ಮಿತಿ ಎಷ್ಟು, ಮುಟ್ಟಿದ ಮೇಲೆ ಸೇರ್ಪಡೆ ನಿಲ್ಲುತ್ತದೆಯೇ? ಸೇರಿದ ಎಷ್ಟು ದಿನದ ಮೇಲೆ ಬಳಸಬಹುದು? ಒಂದೇ ವಾರಕ್ಕೆ ಇಬ್ಬರು ಕೇಳಿದರೆ ಸೇವಾ ಹಿರಿತನವೇ, ಮೊದಲು ಕೇಳಿದವರಿಗೇ? ಸತತ ಎಷ್ಟು ವಾರ ಕೊಡುತ್ತಾರೆ? ಬೆಂಗಳೂರಿಗೆ ಬಂದು ಹೋಗುವ ಪ್ರಯಾಣಕ್ಕೇ ಮೂರು ನಾಲ್ಕು ದಿನ ಹೋಗುವುದರಿಂದ ಎರಡು ವಾರದ ಮಿತಿ ನಿಮಗೆ ಸಾಲದು. ಕೆಲಸ ಬಿಟ್ಟಾಗ ಉಳಿದ ಗಂಟೆಗೆ ಹಣ ಕೊಡುತ್ತಾರೆಯೇ ಎಂಬುದು ರಾಜ್ಯದ ಮೇಲೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಗಳಿಸಿದ ರಜೆ ವೇತನವೇ, ಬಿಡುವಾಗ ಕೊಡಲೇಬೇಕು. ಹಲವು ರಾಜ್ಯಗಳಲ್ಲಿ ಆಸ್ಪತ್ರೆಯ ಪಾಲಿಸಿ ಹೇಳಿದ್ದೇ ಕೊನೆ. ನಿಮ್ಮ ಸೇವಾ ಬದ್ಧತೆ (ಇಷ್ಟು ಕಾಲ ಅಲ್ಲೇ ಕೆಲಸ ಮಾಡುವ ಒಪ್ಪಂದ) ವರ್ಷಗಳಲ್ಲಿಲ್ಲದೆ ಗಂಟೆಗಳಲ್ಲಿದ್ದರೆ ರಜೆಯ ಗಂಟೆಗಳು ಅದಕ್ಕೆ ಸೇರುತ್ತವೆಯೇ ಎಂಬುದನ್ನೂ ಕೇಳಿ. ಸೇರದಿದ್ದರೆ ಪ್ರತಿ ರಜೆಯೂ ಬದ್ಧತೆಯ ಅವಧಿಯನ್ನು ಅಷ್ಟೇ ಮುಂದಕ್ಕೆ ತಳ್ಳುತ್ತದೆ.