ಬುಸಾನ್‌ನಲ್ಲಿ ಗ್ಲುಟನ್ ಇಲ್ಲದ ಊಟ

ಮಗಳಿಗೆ ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಆಗದ ಕಾಯಿಲೆ) ಇದೆ, ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಬಿಬಿಂಬಾಪ್ ಎಂಬ ಅನ್ನದ ಖಾದ್ಯ ಕೊಡಬಹುದಾ ಅಂತ ಕೇಳಿದ್ದೀರಿ. ಬರೀ ಅನ್ನ, ತರಕಾರಿ ಅಲ್ವಾ ಅಂತ ದಯವಿಟ್ಟು ನಂಬಬೇಡಿ. ಮೇಲೆ ಹಾಕುವ ಮೆಣಸಿನಕಾಯಿ ಪೇಸ್ಟ್ ಗೋಚುಜಾಂಗ್‌ನಲ್ಲಿ ಎಷ್ಟೋ ಸಲ ಗೋಧಿ ಇರುತ್ತದೆ. ತರಕಾರಿಗೆ ಬೆರೆಸುವ ಸೋಯಾ ಸಾಸ್‌ನಲ್ಲೂ ಅಷ್ಟೇ. ಹಾಗಾಗಿ ಸಾಸ್ ಬೇಡ ಅಂದರೆ ಸಾಲದು.

ಹೋಟೆಲಿನಲ್ಲಿ ಕೊಡುವ ತಿಳಿ ಕಂದು ನೀರು ಬಾರ್ಲಿ ಟೀ ಇರಬಹುದು. ಬಾಟಲಿ ನೀರನ್ನೇ ಕುಡಿಸಿ.

ಪ್ಯಾಕೆಟ್ ಮೇಲೆ ಅಲರ್ಜಿ ಪಟ್ಟಿ ನೋಡಿ ಸುಮ್ಮನಾಗಬೇಡಿ. ಅಲ್ಲಿ ಗೋಧಿಯನ್ನು ನಮೂದಿಸುವುದು ಕಡ್ಡಾಯ, ಬಾರ್ಲಿಯನ್ನಲ್ಲ! ಪದಾರ್ಥಗಳನ್ನೆಲ್ಲ ಫೋನಿನಲ್ಲಿ ಅನುವಾದಿಸಿ ಓದಿ.

ಬುಸಾನ್‌ನ ಹೆಸರಾಂತ ಮೀನಿನ ಕೇಕ್ ಓಮುಕ್‌ಗೆ ಸಾಮಾನ್ಯವಾಗಿ ಮೈದಾ ಸೇರಿಸುತ್ತಾರೆ, ಅದು ಬೇಡ. ಬರೀ ಉಪ್ಪು ಹಚ್ಚಿ ಸುಟ್ಟ ಮೀನು, ಮಸಾಲೆ ಹಚ್ಚದ ಸಮ್ಗ್ಯೊಪ್ಸಾಲ್ (ಸುಟ್ಟ ಹಂದಿ ಹೊಟ್ಟೆಮಾಂಸ) ವಾಸಿ. ಹಿಟ್ಟು ಹಚ್ಚಿಲ್ಲ ತಾನೇ ಅಂತ ಕೇಳಿ, ತವಾ ಬದಲಿಸಲು ಹೇಳಿ. ಇದನ್ನೆಲ್ಲ ಕೊರಿಯನ್‌ನಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ.