ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆಕೆಗೆ 24 ವರ್ಷ, ಉದ್ಯೋಗದಲ್ಲಿದ್ದಾಳೆ. ಒಂದೂವರೆ ವರ್ಷದಿಂದ ಒಬ್ಬನನ್ನು ಪ್ರೀತಿಸುತ್ತಿದ್ದಾಳೆ. ತಂದ ದೂರು ಮಾತ್ರ ನಿದ್ದೆಯದು: "ರಾತ್ರಿ ಒಂದು, ಎರಡು ಗಂಟೆವರೆಗೂ ಕಣ್ಣು ಮುಚ್ಚೋಕಾಗಲ್ಲ ಮೇಡಂ, ಈ ಮೊಬೈಲ್ ಚಟ ಹೇಗಾದ್ರೂ ಬಿಡಿಸಿ."

ಚಟ ಎಂಬ ಮಾತನ್ನು ನಂಬಿ, ಫೋನ್ ಬಳಕೆ ಇಳಿಸಿ ಎಂದಿದ್ದರೆ ಅಲ್ಲೇ ದಾರಿ ತಪ್ಪುತ್ತಿತ್ತು. ಫೋನಿನ ಲೆಕ್ಕ ತೆರೆದು ನೋಡಿದರೆ ದಿನಕ್ಕೆ ಸುಮಾರು 3 ಗಂಟೆ, ಗಾಬರಿಪಡುವಂಥದ್ದೇನಲ್ಲ. ಗಮನ ಸೆಳೆದದ್ದು ಅನ್‌ಲಾಕ್ ಸಂಖ್ಯೆ: ದಿನಕ್ಕೆ 140ಕ್ಕೂ ಹೆಚ್ಚು, ಬಹುಪಾಲು ಅರ್ಧ ನಿಮಿಷದೊಳಗೆ ಮುಗಿದವು. ಅರ್ಧ ನಿಮಿಷದಲ್ಲಿ ಯಾರೂ ರೀಲ್ಸ್ ನೋಡಿ ಮೈಮರೆಯುವುದಿಲ್ಲ. ಇದು ಕಿಟಕಿಯಿಂದ ಇಣುಕಿ, ಬಂದರೋ ಇಲ್ಲವೋ ಎಂದು ನೋಡುವ ಕೆಲಸ.

ಒಂದು ವಾರ ನೋಟ್‌ಬುಕ್ ಇಡಲು ಹೇಳಲಾಯಿತು. ಸಮಯ, ಏನು ನೋಡಿದೆ, ನೋಡಿದ ಮೇಲೆ ಆತಂಕ 10ಕ್ಕೆ ಎಷ್ಟು, ಇಷ್ಟೇ. ಒಂದು ರಾತ್ರಿಯ ಪುಟ ಹೀಗಿತ್ತು. 10.40ಕ್ಕೆ "ಮನೆಗೆ ಬಂದ್ಯಾ?" ಎಂದು ಮೆಸೇಜ್, ಆತಂಕ 3. 10.52ಕ್ಕೆ ಬ್ಲೂ ಟಿಕ್, ಉತ್ತರವಿಲ್ಲ, 6. 10.55ಕ್ಕೆ ಆತ ಆನ್‌ಲೈನ್, 8. 11.10ಕ್ಕೆ ತಾನೇ ಒಂದು ಸ್ಟೋರಿ ಹಾಕಿ, ಯಾರ್‍ಯಾರು ನೋಡಿದರೆಂಬ ಪಟ್ಟಿ ತೆರೆದು ಕೂತದ್ದು. 11.34ಕ್ಕೆ ಆತನ ಹೆಸರು ಬಂತು, 4. 11.50ಕ್ಕೆ "ನೋಡಿಯೂ ಮಾತಾಡಲಿಲ್ಲ", 9.

ಈ ಪುಟದ ಕೀಲಿ 11.34ರ ಆ 4. ಹತ್ತು ಸಲ ಇಣುಕಿದರೆ ಒಮ್ಮೆ ನಿರಾಳ ಸಿಗುತ್ತದೆ, ಯಾವ ಸಲ ಎಂದು ಗೊತ್ತಿಲ್ಲ. ಹೀಗೆ ಆಗೊಮ್ಮೆ ಈಗೊಮ್ಮೆ ಫಲ ಕೊಡುವ ಅಭ್ಯಾಸವೇ ಬಿಡಿಸಲು ಎಲ್ಲಕ್ಕಿಂತ ಕಷ್ಟ. ಜೊತೆಗೆ, ಆಕೆಯ ಮನಸ್ಸು ಕೇಳುತ್ತಿದ್ದುದು "ನಾನು ನಿನಗೆ ಬೇಕಾ?" ಎಂದು, ಫೋನ್ ಹೇಳುತ್ತಿದ್ದುದು "ಆತ ಆನ್‌ಲೈನ್ ಇದ್ದಾನೆ" ಎಂದು. ಎಷ್ಟು ಸಲ ನೋಡಿದರೂ ಆ ಪ್ರಶ್ನೆಗೆ ಇದು ಉತ್ತರವಾಗದು.

ಮನೋವೈದ್ಯ ಜಾನ್ ಬೌಲ್ಬಿಯ ಸಿದ್ಧಾಂತದ ಮೇಲೆ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಕೂಸು–ತಾಯಿಯ ನಡುವೆ ಗುರುತಿಸಿದ ಬಾಂಧವ್ಯದ ಬಗೆಗಳನ್ನು 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಹಜಾನ್ ಮತ್ತು ಶೇವರ್ ವಯಸ್ಕರ ಪ್ರೇಮಕ್ಕೂ ಅನ್ವಯಿಸಿದರು. ಈಗ ಅಳೆಯುವುದು ಮುಖ್ಯವಾಗಿ ಎರಡನ್ನು: ಬಿಟ್ಟುಹೋಗುತ್ತಾರೆಂಬ ಆತಂಕ, ಆಪ್ತತೆಯಿಂದ ಹಿಂದೆ ಸರಿಯುವ ರೂಢಿ. 1998ರಲ್ಲಿ ಬಂದ 36 ಹೇಳಿಕೆಗಳ ಪ್ರಶ್ನಾವಳಿಯಲ್ಲಿ ಎರಡಕ್ಕೂ ತಲಾ 18. ಆಕೆಗೆ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. "ನಾನು ಆ್ಯಂಕ್ಷಿಯಸ್ (ಆತಂಕದವಳು), ಅವನು ಅವಾಯ್ಡೆಂಟ್ (ಹಿಂದೆ ಸರಿಯುವವನು)" ಎಂದು ರೀಲ್ಸ್‌ನಿಂದ ಕಲಿತೇ ಬಂದಿದ್ದಳು. ಈ ಹಣೆಪಟ್ಟಿಗಳು ಜಗಳದಲ್ಲಿ ಕಲ್ಲಿನ ಹಾಗೆ ಕೈಗೆ ಸಿಗುತ್ತವೆ, ಅಷ್ಟೇ. ಬಾಂಧವ್ಯದ ಶೈಲಿ ಎಂಬುದು ಕಾಯಿಲೆಯಲ್ಲ. ಬೇರೆಯವರ ಜೊತೆ, ಬೇರೆ ಕಾಲಕ್ಕೆ ಅದು ಏರಿಳಿಯುತ್ತದೆ.

ಆತ ಮೂರನೇ ಭೇಟಿಗೆ ಬಂದ. ಒಟ್ಟಿಗೆ ಮಾತಾಡಿಸುವ ಮುಂಚೆ ಇಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಬೆದರಿಕೆ, ಹಿಡಿತ, ಮೋಸ ಇದೆಯೇ ಎಂದು ಕೇಳಲಾಗಿತ್ತು. ಅಂಥದ್ದಿದ್ದರೆ ಆಕೆಯ ಅನುಮಾನಕ್ಕೆ ಆಧಾರವಿದೆ ಎಂದರ್ಥ, ಆಗ ಸಲಹೆಯೇ ಬೇರೆ. ಇಲ್ಲಿ ಇರಲಿಲ್ಲ. ಆತ ಹೇಳಿದ್ದು: "ಸುಸ್ತಾಗಿ ಬಂದು ಸುಮ್ನೆ ಸ್ಕ್ರೋಲ್ ಮಾಡ್ತಿರ್ತೀನಿ. ಒಂದಕ್ಕೆ ಉತ್ತರ ಕೊಟ್ರೆ ಇನ್ನೂ ಹತ್ತು ಪ್ರಶ್ನೆ ಬರುತ್ತೆ." ಉತ್ತರದ ಬದಲು ಒಂದು ಮೀಮ್ ಕಳಿಸುವುದು ಆತನ ರೂಢಿ. ಆತನ ಮಟ್ಟಿಗೆ ಅದೂ ಸಂಪರ್ಕವೇ, ಮೈಗೆ ತಾಗದಷ್ಟು ದೂರದ್ದು. ಆಕೆ ಬೆನ್ನು ಹತ್ತಿದಷ್ಟೂ ಆತ ಮುದುಡುತ್ತಿದ್ದ, ಆತ ಮುದುಡಿದಷ್ಟೂ ಆಕೆ ಬೆನ್ನು ಹತ್ತುತ್ತಿದ್ದಳು.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಸೆಟ್ಟಿಂಗ್ಸ್. ವಾಟ್ಸಾಪ್‌ನಲ್ಲಿ ನಮ್ಮ ಲಾಸ್ಟ್ ಸೀನ್, ಆನ್‌ಲೈನ್ ಮುಚ್ಚಿದರೆ ಬೇರೆಯವರದೂ ನಮಗೆ ಕಾಣುವುದಿಲ್ಲ. ಬ್ಲೂ ಟಿಕ್ ಕೂಡ ಹಾಗೆಯೇ, ಗ್ರೂಪ್‌ಗಳಲ್ಲಿ ಹೊರತು. ಆ್ಯಪ್ ಅಳಿಸಲು ಹೇಳಲಿಲ್ಲ: ಮತ್ತೆ ಹಾಕಿಕೊಳ್ಳಲು ಎರಡು ನಿಮಿಷ ಸಾಕು, ಆಮೇಲೆ ಸೋತೆನೆಂಬ ನಾಚಿಕೆ ಬೇರೆ. ಮೊದಲ ಕೆಲವು ದಿನ ತುಡಿತ ಏರುತ್ತದೆ ಎಂದು ಮುಂಚೆಯೇ ತಿಳಿಸಲಾಗಿತ್ತು. ನಾಲ್ಕನೇ ದಿನ ಆಕೆ ಗೆಳತಿಯ ಫೋನಿನಿಂದ ಲಾಸ್ಟ್ ಸೀನ್ ನೋಡಿಸಿದಳು. ಗೆಳತಿಗೆ "ಕೇಳಿದರೂ ಹೇಳಬೇಡ" ಎಂದು ಆಕೆಯಿಂದಲೇ ಹೇಳಿಸಬೇಕಾಯಿತು.

ಎರಡನೆಯದು ಮುಂದೂಡಿಕೆ. ನೋಡಲೇಬಾರದೆಂಬ ಶಪಥ ಬೇಡ. ಮೊದಲ ವಾರ 10 ನಿಮಿಷ ತಡೆದು ನೋಡುವುದು, ಮುಂದಿನ ವಾರ 20. ಆ ಹೊತ್ತು ಫೋನ್ ಪಕ್ಕದ ಕೋಣೆಯಲ್ಲಿ. ಬೇರೆ ಆ್ಯಪ್ ತೆರೆದು ಕಾಯುವುದು ಲೆಕ್ಕಕ್ಕಿಲ್ಲ, ಬೆರಳು ತಾನಾಗಿ ಹಳೆಯ ಜಾಗಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಮೂರನೆಯದು, ನೇರವಾಗಿ ಕೇಳುವುದು. ಆಕೆ ಕಳಿಸುತ್ತಿದ್ದುದು "ಬ್ಯುಸಿ ಇದ್ದೀಯ ಬಿಡು", "ಪರವಾಗಿಲ್ಲ". ಓದಿದವನಿಗೆ ಅದರಲ್ಲಿ ಸಿಟ್ಟು ಕಾಣುತ್ತದೆ, ಬೇಡಿಕೆ ಕಾಣುವುದಿಲ್ಲ. ಬದಲಿಗೆ ಅಭ್ಯಾಸ ಮಾಡಿಸಿದ ಸಾಲು: "ಮನೆ ತಲುಪಿದ ಮೇಲೆ ಒಂದು ಮಾತು ಹಾಕು, ಇಲ್ಲಾಂದ್ರೆ ನಂಗೆ ನಿದ್ದೆ ಬರಲ್ಲ." ಆತನಿಗೆ ಹೇಳಿದ್ದು, ದೂರ ಬೇಕಿದ್ದರೆ ಗಡುವಿನ ಜೊತೆ ಕೇಳಬೇಕು: "ಈಗ ಆಗಲ್ಲ, 9.30ಕ್ಕೆ ಮಾಡ್ತೀನಿ." ಮಾತು ಕೊಟ್ಟು ತಪ್ಪಿದರೆ ಕೊಡದೇ ಇದ್ದುದಕ್ಕಿಂತ ಕೆಡುಕು, ಹಾಗಾಗಿ ಉಳಿಸಿಕೊಳ್ಳಬಲ್ಲ ಹೊತ್ತನ್ನೇ ಹೇಳಬೇಕು, 15 ನಿಮಿಷದ ಕರೆಯಾದರೂ ಸಾಕು.

ನಡುವೆ ಆಕೆ ಪಾಸ್‌ವರ್ಡ್, ಲೈವ್ ಲೊಕೇಶನ್ ಹಂಚಿಕೊಳ್ಳೋಣವೆಂದಳು. ಬೇಡವೆಂದೆವು. ಅದು ಇಣುಕಲು ಇನ್ನೂ ನಾಲ್ಕು ಕಿಟಕಿ ಕೊಟ್ಟಂತೆ.

ಎಂಟನೇ ಭೇಟಿಯ ಹೊತ್ತಿಗೆ ಅನ್‌ಲಾಕ್ 60ರ ಆಸುಪಾಸಿಗೆ ಇಳಿದಿತ್ತು. ಆತ ವಾರದಲ್ಲಿ ಎರಡು ಸಲ 9.30 ತಪ್ಪಿಸಿದ್ದ, ಒಮ್ಮೆ ಮುಂಚೆಯೇ ತಿಳಿಸಿ, ಒಮ್ಮೆ ತಿಳಿಸದೆ. ತಿಳಿಸದ ರಾತ್ರಿ ನೋಟ್‌ಬುಕ್‌ನಲ್ಲಿ ಮತ್ತೆ 9. ಸ್ಟೋರಿ ಹಾಕುವುದನ್ನು ಆಕೆ ಬಿಟ್ಟಿಲ್ಲ. ಯಾರು ನೋಡಿದರೆಂಬ ಪಟ್ಟಿಯನ್ನು ಈಗ ಬೆಳಿಗ್ಗೆ ತೆರೆಯುತ್ತಾಳೆ.